ಸೊಸೆ ಹಾಕಿದ ಕಿಮ್ಚಿ

ನನ್ನ ಸೊಸೆ ನಾವಿರುವ ಡೊಂಬಿವಲಿಯಿಂದ ದಿನಾ ದೂರದ ಮಹಾಪೆಗೆ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಸೋತು ಬಂದವಳು ಚಪ್ಪಲಿ ಬಿಟ್ಟು ನೇರ ಒಲೆಯ ಮುಂದೆ ನಿಲ್ಲಬೇಕಿತ್ತು. ಬಿಸಿ ಪಲ್ಯವಿಲ್ಲದೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಭಾನುವಾರ ಅವಳು ಕಿಮ್ಚಿ ಹಾಕಿದಳು. ಅದು ಕೊರಿಯಾದವರು ಎಲೆಕೋಸನ್ನು ಹುಳಿ ಬರಿಸಿ ಮಾಡುವ ಉಪ್ಪಿನಕಾಯಿ. ಅಂಗಡಿಯದರಲ್ಲಿ ಮೀನಿನ ರಸವಿರುತ್ತದೆ, ನಮಗೆ ಆಗದು ಎಂದು ಮನೆಯಲ್ಲೇ ಮೆಣಸಿನಪುಡಿ, ಶುಂಠಿ ಕಲಸಿ ಬರಣಿಗೆ ತುಂಬಿದಳು. ಎರಡು ಮೂರು ದಿನ ಕಳೆದು ನಾನು ಮುಚ್ಚಳ ತೆಗೆದರೆ ಹುಳಿ ವಾಸನೆ, ಮೇಲೆಲ್ಲ ಗುಳ್ಳೆ. ಹಾಳಾಯಿತೆಂದು ಅವಳನ್ನು ಕೇಳದೆ ಕಸಕ್ಕೆ ಸುರಿದೆ.

ಸಂಜೆ ಅವಳು ಖಾಲಿ ಬರಣಿ ನೋಡಿದಳು.

"ಗುಳ್ಳೆ ಬರಲೇಬೇಕು ಮಾವ. ಇಷ್ಟು ವರ್ಷ ಹೋಟೆಲ್ ನಡೆಸಿದ್ರಿ, ಇಡ್ಲಿಹಿಟ್ಟು ಉಬ್ಬಿದ್ರೆ ಅದನ್ನೂ ಬಿಸಾಡ್ತಿದ್ರಾ?"

ನಾನು ಬರಣಿಯನ್ನು ತೊಳೆಯಲು ಎತ್ತಿಕೊಂಡೆ.

"ಅದಿದ್ರೆ ಈ ವಾರ ನಂಗೆ ಪಲ್ಯದ ಕೆಲಸ ಇರ್ತಿರಲಿಲ್ಲ," ಎಂದು ಬೆಂಡೆಕಾಯಿ ಹೆಚ್ಚತೊಡಗಿದಳು. ಹೆಚ್ಚುತ್ತಲೇ ಗೋಡೆಗೆ ಒರಗಿದಳು.

ಕಿಮ್ಚಿ ಹೊಟ್ಟೆಗೆ ಒಳ್ಳೆಯದೆಂದಷ್ಟೇ ನಾನು ಕೇಳಿದ್ದೆ. ಅವಳು ಅದನ್ನು ಹಾಕಿದ್ದು ಸಂಜೆ ಸ್ವಲ್ಪ ಹೊತ್ತು ಕೂರುವುದಕ್ಕೆ.

ಈಗ ಕಿಮ್ಚಿ ಹಾಕುವ ಕೆಲಸ ನನ್ನದು. ಎಲೆಕೋಸಿಗೆ ಉಪ್ಪು ತಿಕ್ಕುವಾಗ ಸೊಂಟ ಹಿಡಿಯುತ್ತದೆ, ಖಾರಕ್ಕೆ ಬೆರಳು ಉರಿಯುತ್ತದೆ. ಅದರ ರುಚಿ ನನಗಿನ್ನೂ ಹಿಡಿಸಿಲ್ಲ, ಆದರೂ ಅನ್ನಕ್ಕೆ ಅದನ್ನೇ ಹಾಕಿಕೊಳ್ಳುತ್ತೇನೆ. ಸೊಸೆ ಬಂದು, ಚೀಲ ಕೆಳಗಿಟ್ಟು, ಫ್ಯಾನಿನ ಕೆಳಗೆ ಸುಮ್ಮನೆ ಕೂರುತ್ತಾಳೆ. ತೀರಿಹೋದ ನನ್ನ ಹೆಂಡತಿ ಹಾಗೆ ಒಂದು ಸಂಜೆಯಾದರೂ ಕೂತದ್ದು ನನಗೆ ನೆನಪಿಲ್ಲ.