ಬೇರಿನಲ್ಲಿ ಉಳಿದ ಕೆಂಪು ಮಣ್ಣು

ಎಡ್ವಿನ್ ಹೆಡ್ಲಿ ಮೂವತ್ತೆಂಟು ವರ್ಷ ಗಣಿಯಲ್ಲಿ ಕಲ್ಲಿದ್ದಲು ಕಡಿದ. ಅಷ್ಟೇ ವರ್ಷ ಲೀಕ್ ಬೆಳೆದ. ಇಂಗ್ಲೆಂಡಿನ ಬಡಗಣ ಅಂಚಿನ ಆ ಗಣಿಯೂರಿನಲ್ಲಿ ಗಂಡಸಿನ ಮರ್ಯಾದೆಯನ್ನು ಅಳೆಯುತ್ತಿದ್ದುದು ಈರುಳ್ಳಿಯ ಈ ದಪ್ಪ ದಾಯಾದಿಯಿಂದಲೇ. ಸೆಪ್ಟೆಂಬರಿನ ಸ್ಪರ್ಧೆಯಲ್ಲಿ ಅವನು ಒಮ್ಮೆಯೂ ಮೊದಲನೆಯವನಾಗಲಿಲ್ಲ.

ಆದರೆ ಲೀಕ್ ಬೆಳೆಗಾರರ ಕ್ಲಬ್ಬಿನ ಮೊಹರು ಅವನ ಬಳಿ ಇತ್ತು. ಸ್ಪರ್ಧೆಗೆ ಮೂರು ವಾರ ಮುಂಚೆ ಎಲ್ಲರ ತೋಟಕ್ಕೂ ಹೋಗಿ, ನೆಲದಲ್ಲಿರುವಾಗಲೇ ಲೀಕಿನ ಎಲೆಗೆ ಮೊಹರು ಒತ್ತಬೇಕು. ಬೇರೆಯವರ ಬೆಳೆಯನ್ನು ಯಾರೂ ತನ್ನದೆಂದು ತಂದಿಡಬಾರದೆಂದು ಈ ಕಟ್ಟಳೆ. ಹತ್ತೊಂಬತ್ತು ವರ್ಷ ಆ ಕೆಲಸ ಎಡ್ವಿನ್‌ನದು. ಯಾರೂ ಎರಡನೆಯ ಮಾತಾಡಿರಲಿಲ್ಲ.

"ಮೊಹರು ಒತ್ತೋಕೆ ನಮ್ಮ ತೋಟಕ್ಕೆ ಬರ್ತೀಯಲ್ಲಯ್ಯಾ, ಹಾಗೇ ಬೆಳೆಯೋದೂ ಒಂಚೂರು ಕಲ್ತುಕೊಂಡು ಹೋಗು" ಎಂದು ಲ್ಯಾನ್ಸ್ ಸ್ಟೋಕೋ ಕಿಚಾಯಿಸುತ್ತಿದ್ದ. ಗಣಿಯಲ್ಲಿ ಜೊತೆಗಾರ, ಈಚೆಗೆ ಸ್ಪರ್ಧೆಯ ತೀರ್ಪುಗಾರ.

"ನಿನ್ನ ಲೀಕೂ ನಿನ್ನ ಹಾಗೇ ಕಣೋ, ಮೈಯೆಲ್ಲ ದಪ್ಪ, ಒಳಗೆ ಟೊಳ್ಳು" ಎಂದು ಎಡ್ವಿನ್ ತಿರುಗಿಸಿ ಕೊಡುತ್ತಿದ್ದ.

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ದಮ್ಮು ಹೆಚ್ಚಾಯಿತು. ಇದೇ ಕೊನೆಯ ಬೆಳೆ ಎಂದು ತಿಳಿದ ಆ ವರ್ಷ ಅವನು ಹೆಂಡತಿಯ ತಮ್ಮನ ತೋಟದಿಂದ ತೋಳುಗಾತ್ರದ ಲೀಕ್ ಜೋಡಿಯೊಂದನ್ನು ತಂದ. ತಾನೇ ಮೊಹರು ಒತ್ತಿದ. ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಕಾಂಡ ಒರೆಸಿದ, ಬೇರಿನ ಗಡ್ಡ ತೊಳೆದ. ಕಣ್ಣು ಮೊದಲಿನಂತಿರಲಿಲ್ಲ.

ಸ್ಪರ್ಧೆಯ ದಿನ ಲ್ಯಾನ್ಸ್ ಅಳೆದ. ಜೋಡಿ ಎಲ್ಲರದಕ್ಕಿಂತ ದೊಡ್ಡದು. ಗೆಳೆಯನ ಕಡೆ ನೋಡಿ ಕಣ್ಣು ಮಿಟುಕಿಸಿದ. ಆಮೇಲೆ ನಿಯಮದಂತೆ ಹೆಬ್ಬೆರಳಿನಿಂದ ಬೇರು ಬಿಡಿಸಿದ. ಒಳಗೆ ಕೆಂಪು ಜೇಡಿ. ಊರಿನ ತೋಟಗಳ ಮಣ್ಣೆಲ್ಲ ಗಣಿಧೂಳು ಬೆರೆತು ಕಪ್ಪು. ಕೆಂಪು ಸಿಗಬೇಕಾದರೆ ಇಪ್ಪತ್ತು ಮೈಲಿ ಆಚೆಯ ಹೊಳೆದಂಡೆಗೆ ಹೋಗಬೇಕು.

"ಆಟ ಮುಗೀತು, ಎಡ್ವಿನ್."

ಅದು ಅಲ್ಲಿ ದಿನಬೆಳಗಾದರೆ ಕೇಳುವ ಮಾತು. ಹೆಂಡತಿಗೆ ಕದ್ದು ಸೇದುವವನ ಜೇಬಿನಿಂದ ಹೊಗೆ ಬಂದರೆ ಹೇಳುತ್ತಾರೆ. ಇಸ್ಪೀಟಾಡುವವನ ತೋಳಿನಿಂದ ಎಲೆ ಜಾರಿದರೆ ಹೇಳುತ್ತಾರೆ. ಬಣ್ಣ ಬಯಲಾಯಿತು, ಇನ್ನು ಸುಳ್ಳಿಗೆ ಸುಳ್ಳು ಪೇರಿಸಬೇಡ ಎಂದಷ್ಟೇ ಅದರ ಅರ್ಥ. ಸಿಕ್ಕಿಬಿದ್ದವನು ಎರಡೂ ಕೈ ಮೇಲೆತ್ತಿ ನಗುತ್ತಾನೆ, ಮಿಕ್ಕವರೂ ನಗುತ್ತಾರೆ. ಎಡ್ವಿನ್ ಕೈಗಳನ್ನು ಅರ್ಧದವರೆಗೆ ಎತ್ತಿದ. ಯಾರೂ ನಗಲಿಲ್ಲ.

"ಬೈಯೋ, ಲ್ಯಾನ್ಸ್."

"ಬೈದು ಏನ್ ಮಾಡ್ಲಿ? ಹತ್ತೊಂಬತ್ತು ವರ್ಷದ ಮೊಹರೂ ಅನುಮಾನವಾಗೋಯ್ತಲ್ಲೋ. ನಾನು ಗೆದ್ದಿದ್ದೂ ಸೇರಿ."

ಎಡ್ವಿನ್ ಇದನ್ನು ಯೋಚಿಸಿರಲಿಲ್ಲ. ಸಿಕ್ಕಿಬಿದ್ದರೆ ಹೋಗುವುದು ತನ್ನೊಬ್ಬನ ಹೆಸರು ಎಂದುಕೊಂಡಿದ್ದ.

ಕ್ಲಬ್ಬಿನಿಂದ ಅವನನ್ನು ಹೊರಹಾಕಲಿಲ್ಲ. ಇನ್ನೂ ಆರು ವರ್ಷ ಬದುಕಿದ; ಶನಿವಾರ ತಪ್ಪದೆ ಹೋದ. ಹೋದಾಗಲೆಲ್ಲ ಯಾರಾದರೂ ಸರಿದು ಜಾಗ ಕೊಡುತ್ತಿದ್ದರು.

"ಬನ್ನಿ ಹೆಡ್ಲಿಯವರೇ, ಕೂತ್ಕೊಳ್ಳಿ" ಎನ್ನುತ್ತಿದ್ದ ಲ್ಯಾನ್ಸ್. "ಈ ಸಲ ಚಳಿ ಜಾಸ್ತಿ ಅಲ್ವಾ?"

ಎಡ್ವಿನ್ ಹೌದು ಎನ್ನುತ್ತಿದ್ದ.