ಕೆಸರು ಮೆತ್ತಿದ ಎಮ್ಮೆ

ಮೊನ್ನೆ ಆನೆಗೊಂದಿಯ ಕಡೆ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಗೆ ಬಂದರೆ ಕಾಲುವೆ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಪಕ್ಕದ ಮನೆಯ ಮುಸ್ಲಿಂ ಚಿಕ್ಕಮ್ಮ, ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದವರು, ನೆನಪಾದರು...

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮದುವೆಯಾಗಿ ಗಂಗಾವತಿ ಹತ್ತಿರದ ಈ ಹಳ್ಳಿಗೆ ಬಂದಾಗ ನನ್ನ ಹಿಂದೆ ಒಂದು ಎಮ್ಮೆಯೂ ಬಂತು. ಮಗಳು ಹಾಲುಂಡು ಇರಲಿ ಎಂದು ಅಪ್ಪ ಕೊಡಿಸಿದ್ದು. ಕೊಪ್ಪಳ ಪೇಟೆಯಲ್ಲಿ ಬೆಳೆದ ನನಗೆ ಎಮ್ಮೆ ಸಾಕಿ ಗೊತ್ತಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನಾನೂ ದಿನಕ್ಕೆರಡು ಸಲ ತೆಂಗಿನ ನಾರು ಹಾಕಿ ತಿಕ್ಕಿ ಅದರ ಮೈ ಮಿರಿಮಿರಿ ಮಿಂಚಿಸುತ್ತಿದ್ದೆ.

ಗದ್ದೆಗೆ ನೀರು ಬಿಟ್ಟ ಮೇಲೆ ದೊಡ್ಡ ನೊಣಗಳು ಬಂದವು. ಕಚ್ಚಿದಲ್ಲಿ ರಕ್ತವೇ ಇಳಿಯುತ್ತಿತ್ತು. ಹಾಲು ಹಿಂಡಲು ಕೂತರೆ ಎಮ್ಮೆ ಒದೆಯತೊಡಗಿತು. ಹಾಲು ಅರ್ಧಕ್ಕೆ ಇಳಿಯಿತು.

"ಒದಿಯೋ ಎಮ್ಮಿ ಮನ್ಯಾಗ ಬ್ಯಾಡ. ಬರೋ ಸಂತಿಗೆ ಹೊಡದುಬಿಡು," ಎಂದು ನಮ್ಮ ಅತ್ತೆ ನನ್ನ ಗಂಡನಿಗೆ ಹೇಳಿಬಿಟ್ಟರು. ತವರಿನ ಎಮ್ಮೆ ಸಂತೆಗೆ ಹೋದರೆ ನಾನು ಅಪ್ಪನಿಗೆ ಹೇಗೆ ಮುಖ ತೋರಿಸಲಿ? ಕೊಟ್ಟಿಗೆಯಲ್ಲಿ ಕೂತು ಅಳುತ್ತಿದ್ದೆ.

ಖಾಲಾ ನಾಲ್ಕು ಎಮ್ಮೆ ಸಾಕಿ ಊರಿಗೆಲ್ಲ ಹಾಲು ಕೊಡುತ್ತಿದ್ದವರು. ಗೋಡೆಯ ಮೇಲಿಂದ ಇಣುಕಿ ನಕ್ಕರು.

"ಏ ಬೇಟಿ, ತೊಳದು ತೊಳದು ನೊಣಕ್ಕ ತಾಟು ಇಟ್ಟೀ ನೋಡು. ಕೆಸರ ಅದರ ಅಂಗಿ, ಅದನ್ಯಾಕ ಬಿಚ್ಚಿದಿ?"

ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಖಾಲಾ ಎಮ್ಮೆಯನ್ನು ಕಾಲುವೆ ಪಕ್ಕದ ಕೆಸರುಗುಂಡಿಗೆ ಇಳಿಸಿದರು. ಸೀರೆ ಎತ್ತಿ ಕಟ್ಟಿ ತಾವೂ ಇಳಿದರು. ಎಷ್ಟು ಹೊರಳಿದರೂ ಕೆಸರು ತಾಗದ ಕತ್ತಿಗೆ, ಭುಜಕ್ಕೆ ಕೈಯಾರೆ ಮೆತ್ತಿದರು. ಹಿಂಡುವ ಮುಂಚೆ ಕೆಚ್ಚಲು ಮಾತ್ರ ತೊಳೆಯಬೇಕು, ಉಳಿದದ್ದು ಒಣಗಲಿ ಎಂದರು. ಅವರ ತೋಳು ನೊಣ ಕಚ್ಚಿ ಊದಿತ್ತು. ಹೀಗೆ ಹದಿನೈದು ದಿನ ಬಂದರು. ಅತ್ತೆ ಕೇಳಿದರೆ, ಬೈದಾರೆಂಬ ಭಯಕ್ಕೆ, ಎಮ್ಮೆ ತಾನೇ ಹೋಗಿ ಹೊರಳಾಡಿದೆ ಎಂದು ನಾನು ಸುಳ್ಳು ಹೇಳುತ್ತಿದ್ದೆ.

ಎಮ್ಮೆ ಒದೆಯುವುದನ್ನು ಬಿಟ್ಟಿತು. ಸಂತೆಯ ಮಾತು ನಿಂತಿತು. ಒಂದು ಸಂಜೆ ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತಿದ್ದಾಗ ಅತ್ತೆ, "ನಮ್ಮ ಸೊಸಿ ಕೈಗುಣ ಭಾಳ ಛಲೋ ಐತಿ. ಒದಿಯೋ ಎಮ್ಮೀನ ಹದಕ್ಕ ತಂದಾಳ," ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಲ್ಲೇ ಕೂತಿದ್ದ ಖಾಲಾ ನನ್ನನ್ನೊಮ್ಮೆ ನೋಡಿದರು.

"ಹೌದ್ರಿ ಅಕ್ಕಾ, ಛಲೋ ಕೈ ಐತಿ," ಎಂದರು.

ಆಮೇಲೆ ಅವರು ಕುಷ್ಟಗಿಯ ಮಗಳ ಮನೆಗೆ ಹೋದರು. ಒಮ್ಮೆ ಹೋಗಿ ಮಾತಾಡಿಸಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ತೀರಿಕೊಂಡರೆಂದು ಸುದ್ದಿ ಬಂತು. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಮದುವೆಯಿಂದ ಮನೆಗೆ ಬಂದವಳೇ ಅತ್ತೆಯ ಹತ್ತಿರ ಕೂತು, "ಅವಾಗ ಎಮ್ಮೀನ ಹದಕ್ಕ ತಂದಾಕಿ ನಾನಲ್ರಿ, ಖಾಲಾ," ಎಂದೆ.

ಅಡಿಕೆ ಕತ್ತರಿಸುತ್ತಿದ್ದ ಅತ್ತೆ ಅಡಕತ್ತರಿ ಕೆಳಗಿಟ್ಟರು.

"ಈಗ ನನ್ನ ಮುಂದ ಹೇಳಿದರ ಏನ ಬಂತವ್ವಾ? ಆಕಿ ಕೂತಿದ್ದಾಗ ಹೇಳಬೇಕಿತ್ತು."