ಸುಟ್ಟ ಮೈಗೆ ಅಂಗಿ ಹೊಲಿಯುವ ಟೈಲರಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನ ಹಿಂದಿನ ಕಿರುಕೋಣೆಯಲ್ಲಿ ಬೇಕರಿ ಕೆಲಸದ ಹೆಂಗಸೊಬ್ಬರು ಸ್ಟೂಲಿನ ಮೇಲೆ ತೋಳು ಚಾಚಿ ಕೂತಿದ್ದಾರೆ. ಎಲ್ಲರೂ ‘ಟೈಲರಕ್ಕ’ ಎಂದೇ ಕರೆಯುವ ಇಲ್ಲಿನ ದರ್ಜಿ ಅಳತೆ ಟೇಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಆಮೇಲೆ ಆ ತೋಳಿಗೆ ಸುತ್ತುತ್ತಾರೆ.

“ನೋವಾದ್ರೆ ಬಾಯಿಬಿಟ್ಟು ಹೇಳಮ್ಮ, ಸಂಕೋಚ ಬೇಡ.”

ಇವರು ಹೊಲಿಯುವುದು ಬಿಗಿ ಅಂಗಿ. ಗಾಯ ಮಾಗಿದ ಮೇಲೆ ಚರ್ಮ ಗಂಟುಗಟ್ಟಿ ಎಳೆದುಕೊಳ್ಳದಿರಲೆಂದು ತಿಂಗಳುಗಟ್ಟಲೆ ಹಗಲೂ ರಾತ್ರಿ ತೊಡುವಂಥದ್ದು. ಸಡಿಲವಾದರೆ ಪ್ರಯೋಜನವಿಲ್ಲ, ಹೆಚ್ಚು ಬಿಗಿದರೆ ಬೆರಳು ಮರಗಟ್ಟುತ್ತವೆ.

ಮೊದಲು ಇವರು ದೊಡ್ಡ ಅಂಗಡಿಯೊಂದರಲ್ಲಿ ಮದುವೆ ಬಟ್ಟೆ ಹೊಲಿಯುತ್ತಿದ್ದರು. ಒಂದು ದಿನ ಮನೆಯಲ್ಲಿ ಸ್ಟೌ ಸಿಡಿದು ತಂಗಿಗೆ ಬೆಂಕಿ ಹತ್ತಿತು. ಜೀವವೇನೋ ಉಳಿಯಿತು. ಆದರೆ ಕತ್ತಿನ ಚರ್ಮ ಎಳೆದುಕೊಂಡು ಗದ್ದ ಎದೆಗೆ ಬಾಗಿಹೋಯಿತು.

“ಬಿಗಿ ಬಟ್ಟೆ ಹಾಕಿದ್ರೆ ಇಷ್ಟಾಗ್ತಿರಲಿಲ್ಲ, ಏನ್ಮಾಡೋದು, ಹೊಲಿಯೋರೇ ಇಲ್ಲ ಅಂದ್ರು ಡಾಕ್ಟರು. ಹೊಲಿಯೋಳು ಅವರ ಎದುರಿಗೇ ನಿಂತಿದ್ದೆ. ನಂಗೇ ಗೊತ್ತಿರಲಿಲ್ಲ.”

ಅಂಗಡಿ ಬಿಟ್ಟು ಅರ್ಧ ಸಂಬಳಕ್ಕೆ ಇಲ್ಲಿ ಸೇರಿದಾಗ ಅಣ್ಣ ಮಾತು ಬಿಟ್ಟರು. ಬಟ್ಟೆ ಕೊಳ್ಳಲಾಗದ ರೋಗಿಗಳಿಗೆ ಇವರೇ ಕೈಯಿಂದ ದುಡ್ಡು ಹಾಕುತ್ತಾರೆಂದು ತಿಳಿದ ದಿನ ಮಾತ್ರ ಮನೆಗೇ ಬಂದು ಕೂಗಾಡಿದರು: “ಊರ ಉಸಾಬರಿಯೆಲ್ಲ ನಿನ್ನ ತಲೆಗೇ ಕಟ್ಟಿದಾರಾ?”

“ಏನು ಹೇಳಲಿ? ಅಳತೆ ತಗೊಂಡ ಮೇಲೆ ಬರಿಗೈಲಿ ಕಳಿಸೋಕೆ ಮನಸ್ಸು ಬರಲ್ಲ” ಎನ್ನುತ್ತಾರೆ ಟೈಲರಕ್ಕ.

ಅಣ್ಣನ ಸಿಟ್ಟಿಗಿಂತ ತಂಗಿಯ ಮಾತು ಹೆಚ್ಚು ಚುಚ್ಚಿತು. “ಊರಿಗೆಲ್ಲ ಹೊಲೀತೀಯ. ನಂಗೆ?” ಎಂದಿದ್ದರಂತೆ. ಹಳೆಯ ಗಾಯಕ್ಕೆ ಅಂಗಿಯಿಂದ ಪ್ರಯೋಜನವಿಲ್ಲ. ಇಬ್ಬರೂ ಎಷ್ಟೋ ದಿನ ಒಂದೇ ಮನೆಯಲ್ಲಿ ಅಪರಿಚಿತರಂತೆ ಉಂಡು ಮಲಗಿದರು.

ವರ್ಷಗಳಿಂದ ಹೊಸ್ತಿಲು ದಾಟದಿದ್ದ ತಂಗಿ ಒಂದು ಬೆಳಿಗ್ಗೆ ತಾವಾಗಿಯೇ ಚಪ್ಪಲಿ ಮೆಟ್ಟಿ ಅಕ್ಕನ ಜೊತೆ ಆಸ್ಪತ್ರೆಗೆ ಹೊರಟರು. ಈಗ ಈ ಕೋಣೆಯ ಎರಡನೇ ಹೊಲಿಗೆ ಯಂತ್ರ ಅವರದು. ಮನೆ ಬಿಟ್ಟು ಬರುವ ಮನಸ್ಸು ಹೇಗಾಯಿತೆಂದು ಕೇಳಿದೆ.

“ತಲೆ ತಗ್ಗಿಸಿ ಮಾಡೋ ಕೆಲಸ. ನಂಗೆ ಹೇಳಿ ಮಾಡಿಸಿದ ಹಾಗಿದೆ” ಎಂದು ನಕ್ಕರು.

ಟೈಲರಕ್ಕ ನಗಲಿಲ್ಲ. ತಂಗಿ ಆಗಷ್ಟೇ ಮುಗಿಸಿದ ಕತ್ತಿನ ಬಿಗಿ ಪಟ್ಟಿಯನ್ನು ಎತ್ತಿ, ಹೊಲಿಗೆಯ ಮೇಲೆ ಬೆರಳಾಡಿಸಿ ನನ್ನ ಕೈಗಿತ್ತರು.

“ಕತ್ತಿಂದು ಮಾತ್ರ ಅವಳೇ ಹೊಲೀಬೇಕು. ಅಷ್ಟು ಚೆನ್ನಾಗಿ ನಂಗೆ ಬರಲ್ಲ.”